ಹನೋಯಿಯಲ್ಲಿ ಅವ್ವ ಕೇಳಿದ ‘ಚಾಯ್’

ಗೆಳೆಯರೇ, ನಾನೂ ಅವ್ವನೂ ವಿಯೆಟ್ನಾಂ ನೋಡಲು ಬಂದಿದ್ದೇವೆ. ಮಾಂಸ, ಮೀನು ಮುಟ್ಟದ, ವಾಸನೆ ಹಿಡಿಸದಿದ್ದರೆ ತಟ್ಟೆ ಸರಿಸಿ ಏಳುವ ಅವ್ವ ಇವತ್ತು ಹನೋಯಿಯ ಎರಡು ಹೋಟೆಲುಗಳಿಂದ ಉಣ್ಣದೆ ಎದ್ದು ಬಂದಳು. ಮೂರನೆಯದರಲ್ಲಿ ನಾನು ಫೋನ್ ತೆರೆದು ಅಲ್ಲಿನ ಭಾಷೆಯ ಪದ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವ್ವ ಬಡಿಸುವ ಹೆಂಗಸಿಗೆ ಗಟ್ಟಿಯಾಗಿ, "ಚಾಯ್!" ಎಂದಳು.

"ಹಸಿದ ಹೊಟ್ಟಿಗೆ ಚಾ ಯಾಕಬೇ?" ಎಂದು ರೇಗಿದೆ.

"ಚಾ ಅಲ್ಲಲೇ ಹುಚ್ಚಿ. ಇಲ್ಲಿ ಹಂಗಂದ್ರ ಮಾಂಸ-ಮೀನ ಇಲ್ಲದ ಊಟ. ಮುಂಜಾನಿ ರೂಮ್ ಗುಡಿಸಾಕ ಬಂದಿದ್ಲಲ್ಲ, ಆಕಿ ಕಲಿಸಿದ್ಲು."

"ಆಕಿಗೆ ಕನ್ನಡ ಬರ್ತೈತೇನು?"

"ಕೈಸನ್ನಿ ಬರ್ತೈತಲ್ಲ!"

ಇಬ್ಬರಿಗೂ ಬಿಸಿ ಅನ್ನ, ಹುರಿದ ಸೊಪ್ಪು, ಶೇಂಗಾ ಪುಡಿ ಬಂತು. ಅವ್ವ ಮೂಸಿ ನೋಡಿ, ತಟ್ಟೆ ಖಾಲಿ ಮಾಡಿದಳು. ಪಕ್ಕದ ಮೇಜಿನಲ್ಲಿ ಬರೀ ಬಾಳೆಹಣ್ಣು ತಿನ್ನುತ್ತ ಕೂತಿದ್ದ ಆರು ಜನ ಗುಜರಾತಿನವರು ಆಸೆಯಿಂದ ನೋಡಿದರು. ಅವ್ವ ಆರು ಬೆರಳೆತ್ತಿ ಮತ್ತೆ "ಚಾಯ್!" ಎಂದಳು. ಅವರಿಗೂ ಊಟ ಬಂತು.

ಹೊಸಪೇಟೆ ಬಸ್‌ಸ್ಟ್ಯಾಂಡಿನ ಇಡ್ಲಿಯನ್ನೂ ನಂಬದ ಕಂಪ್ಲಿಯ ನಮ್ಮವ್ವ ಇವತ್ತು ಪರದೇಶದಲ್ಲಿ ಆರು ಮಂದಿಗೆ ಊಟ ಹಾಕಿಸಿದಳು. ನಿಜ ಹೇಳಬೇಕೆಂದರೆ ಏಳು ಮಂದಿಗೆ. ಏಳನೆಯವಳು ನಾನು, ತಿಂಗಳಿಂದ ಇಲ್ಲಿನ ಭಾಷೆ ಕಲಿಯುತ್ತಿದ್ದವಳು.