ಹಿಡಿಯಬೇಡಿ ಎಂದ ಡಾಕ್ಟರಮ್ಮ

ನಮ್ಮ ಸೋದರತ್ತೆ ನರರೋಗ, ಮನೋರೋಗ ಎರಡನ್ನೂ ಓದಿ ಬಂದಾಗ ನಮ್ಮ ಆಸ್ಪತ್ರೆಯಲ್ಲಿ ಅಂಥವರು ಇನ್ನೊಬ್ಬರಿರಲಿಲ್ಲ. ನರದ ಡಾಕ್ಟರರು ಅಂಗಳದ ಈಚೆ, ಮನಸ್ಸಿನ ಡಾಕ್ಟರರು ಆಚೆ. ಒಬ್ಬರ ರೋಗಿಯನ್ನು ಇನ್ನೊಬ್ಬರು ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆಯೊಬ್ಬಳೇ ದಿನವಿಡೀ ಆ ಅಂಗಳ ದಾಟುತ್ತಿದ್ದಳು.

ಅಲ್ಲೇ ನರ್ಸಾಗಿದ್ದ ನಾವೆಲ್ಲ ಅವಳಿಗಿಟ್ಟ ಹೆಸರು ‘ಮುಂಚೆ ಡಾಕ್ಟರಮ್ಮ’. ಯಾರು ಏನು ಹೇಳಿದರೂ “ಅದಕ್ಕೆ ಮುಂಚೆ ಏನಾಯ್ತು?” ಎನ್ನುವುದೇ ಅವಳ ಪರೀಕ್ಷೆ. ಮನೆಯಲ್ಲಿ ಲೋಟ ಒಡೆದು ಬೈಸಿಕೊಳ್ಳಲು ನಿಂತ ನನ್ನ ತಮ್ಮನಿಗೂ ಅದೇ ಪ್ರಶ್ನೆ.

ಒಮ್ಮೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳನ್ನು ಅವಳ ಅಣ್ಣ ಕರೆತಂದ. ಇದ್ದಕ್ಕಿದ್ದಂತೆ ಹೊಡೆಯುತ್ತಾಳೆ, ಕಚ್ಚುತ್ತಾಳೆ, ಆಮೇಲೆ ನೆನಪೇ ಇಲ್ಲ ಅನ್ನುತ್ತಾಳೆ. ಮನಸ್ಸಿನ ಕಡೆಯ ಹಿರಿಯ ಡಾಕ್ಟರು ಹುಚ್ಚು ಎಂದು ಷರಾ ಬರೆದು, ಸೋಮವಾರ ಬೀಗದ ವಾರ್ಡಿಗೆ ಎಂದುಬಿಟ್ಟರು. ಅಲ್ಲಿಗೆ ಹೋದವರು ಮನೆಗೆ ಮರಳಿದ್ದನ್ನು ನಾನು ಕಂಡಿರಲಿಲ್ಲ.

ಅತ್ತೆ ಅಣ್ಣನನ್ನು ಕೂರಿಸಿಕೊಂಡಳು. “ಹೊಡೆಯೋಕೆ ಮುಂಚೆ ಏನ್ ಮಾಡ್ತಾಳಪ್ಪ?”

“ಏನೂ ಇಲ್ಲ ಡಾಕ್ಟ್ರೇ, ಎಲ್ಲೋ ನೋಡ್ತಾ ಇರ್ತಾಳೆ. ತಕ್ಷಣ ಗಟ್ಟಿಯಾಗಿ ಹಿಡ್ಕೊಳ್ತೀನಿ. ಹಿಡ್ಕೊಂಡ್ರೂ ಹೊಡೀತಾಳೆ.”

“ಹಿಡ್ಕೊಂಡ್ರೂ ಹೊಡೀತಾಳಾ, ಹಿಡ್ಕೊಂಡಿದ್ದಕ್ಕೇ ಹೊಡೀತಾಳಾ?”

“ಹಿಡೀದೆ ಬಿಟ್ಟಿದ್ದೇ ಇಲ್ಲ ಡಾಕ್ಟ್ರೇ.”

ಸೋಮವಾರದವರೆಗೆ ಮನೋರೋಗದ ವಾರ್ಡಿನಲ್ಲೇ ಇದ್ದ ಆ ಹೆಂಗಸಿನ ಮಂಚದ ಪಕ್ಕಕ್ಕೇ ಅತ್ತೆ ತನ್ನ ಕುರ್ಚಿಯನ್ನು ಹಾಕಿಸಿಕೊಂಡಳು. ಊಟ, ಓದು ಎಲ್ಲ ಅಲ್ಲೇ. “ಡಾಕ್ಟರಮ್ಮನೇ ಅಡ್ಮಿಟ್ ಆಗಿದಾರೆ” ಎಂದು ವಾರ್ಡಿನವರು ಹಲ್ಲು ಕಿರಿದರು. ಅತ್ತೆ ಕ್ಯಾರೇ ಅನ್ನಲಿಲ್ಲ. ಹಟ ಹಿಡಿದರೆ ಯಾರಪ್ಪ ಬಂದರೂ ಬಗ್ಗುವವಳಲ್ಲ ಅವಳು. ಆದರೆ ಭಾನುವಾರ ಕಳೆದರೂ ಏನೂ ಆಗಲಿಲ್ಲ.

ಸೋಮವಾರ ಹಿರಿಯ ಡಾಕ್ಟರು ಇಬ್ಬರು ಆಳುಗಳೊಂದಿಗೆ ಬಂದರು, ಹಿಂದೆಯೇ ಅಣ್ಣ. ದಿಂಬಿನ ಹರುಕು ಹೊಲಿಯುತ್ತಿದ್ದವಳ ಸೂಜಿ ತಟ್ಟನೆ ನಿಂತಿತು. ಖಾಲಿ ಬಾಯನ್ನು ಜಗಿಯತೊಡಗಿದಳು. ಒಂದು ಕೈ ರವಿಕೆಯ ಗುಂಡಿಯನ್ನು ತಡಕುತ್ತಿತ್ತು. ಆಮೇಲೆ ಎದ್ದು ನೀರಿನ ಜಗ್ಗು ಎತ್ತಿಕೊಂಡು ನಡೆದೇಬಿಟ್ಟಳು. ಆಳುಗಳು ಮುನ್ನುಗ್ಗಿದರು. ಅತ್ತೆ ಎರಡೂ ಕೈ ಚಾಚಿ ಅಡ್ಡ ನಿಂತಳು.

“ಯಾರೂ ಮುಟ್ಟಬೇಡಿ!”

“ತಲೆ ಒಡೆದುಬಿಡ್ತಾಳೆ ಕಣ್ರೀ!” ಹಿರಿಯ ಡಾಕ್ಟರು ಕೂಗಿದರು.

“ಒಡೆದ್ರೆ ನನ್ ತಲೆ ತಾನೇ ಸಾರ್? ಹಿಂದೆ ಸರೀರಿ.”

ಆ ಹೆಂಗಸು ಅತ್ತೆಯ ಪಕ್ಕದಿಂದ ಸುತ್ತಿ ಹೋಗಿ, ಜಗ್ಗಿನ ನೀರನ್ನೆಲ್ಲ ನೆಲಕ್ಕೆ ಸುರಿದು, ಹಾಗೇ ನಿಂತಳು. ಯಾರಿಗೂ ಹೊಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಪಿಳುಕಿಸಿ, “ಯಾರು ನೀರು ಚೆಲ್ಲಿದ್ದು?” ಎಂದಳು.

“ಇದು ಮೂರ್ಛೆರೋಗ ಸಾರ್,” ಎಂದಳು ಅತ್ತೆ. “ಬಿದ್ದು ಒದ್ದಾಡೋದೊಂದೇ ಮೂರ್ಛೆ ಅಲ್ಲ. ಎಚ್ಚರ ತಪ್ಪಿದಾಗ ಅಮುಕಿ ಹಿಡಿದ್ರೆ ಬಿಡಿಸ್ಕೊಳ್ಳೋಕೆ ಹೊಡೀತಾಳೆ, ಅಷ್ಟೇ. ಮಾತ್ರೆ ಕೊಟ್ಟು ನೋಡ್ತೀನಿ. ಬೀಗದ ವಾರ್ಡಿಗೆ ಮಾತ್ರ ಕಳಿಸಲ್ಲ.”

ಹಿರಿಯ ಡಾಕ್ಟರು, “ಆಯ್ತು, ನಿಮ್ಮ ನರದ ವಾರ್ಡಿಗೇ ಕರ್ಕೊಂಡು ಹೋಗಿ” ಎಂದು ಆಳುಗಳನ್ನು ವಾಪಸ್ ಕಳಿಸಿದರು.

ಅಣ್ಣ ಗೋಡೆಗೊರಗಿ ಅಳುತ್ತಿದ್ದ. “ಇಷ್ಟು ವರ್ಷ ನಾನೇ ಅವಳನ್ನ ಅಮುಕಿ ಹಿಡಿದಿದ್ನಲ್ಲ ಡಾಕ್ಟ್ರೇ...” ತಂಗಿ ಹೊರಟಾಗ ಆಸರೆ ಕೊಡಲು ಕೈ ಚಾಚಿದವನು, ಬೆಚ್ಚಿ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಇನ್ನೂ ಮಂಪರಿನಲ್ಲಿದ್ದ ಅವಳ ತಲೆಗೆ ಈ ಮಾತೊಂದೂ ಹೋಗಿರಲಿಲ್ಲ.

“ಸುಮ್ನೆ ಯಾಕೆ ನಿಂತೆ? ನೆಲ ಜಾರುತ್ತೆ ಅಣ್ಣ,” ಎಂದಳು. “ನನ್ನ ಗಟ್ಟಿಯಾಗಿ ಹಿಡ್ಕೋ.”