ಹೋಗಿ ಬರುವ ಕರೆಂಟು

ಕರೆಂಟು ಬಂದ ಕೂಡಲೇ ‘ಬಂತು!’ ಎಂದು ಕೂಗುವ ಅಭ್ಯಾಸ ನನಗೆ ಮದುವೆ, ಮಕ್ಕಳಾದ ಮೇಲೂ ಇತ್ತು. ನಿಮಗೂ ಇರಬಹುದು. ಬಲ್ಬು ಉರಿಯುವುದು ಎಲ್ಲರಿಗೂ ಕಾಣುತ್ತದೆ. ಆದರೂ ಯಾರಾದರೊಬ್ಬರು ಸಾರಿ ಹೇಳದಿದ್ದರೆ ಅದು ಪೂರ್ತಿ ಬಂದಂತೆ ಅನ್ನಿಸುವುದಿಲ್ಲ. ಈಗ ಆ ಅಭ್ಯಾಸ ಬಿಟ್ಟುಹೋಗಿದೆ. ಬೀದಿಯಲ್ಲಿ ಬೇರೆ ಯಾರಾದರೂ ಕೂಗಿದರೂ ಮನೆಯವರೆಲ್ಲ ಎಲ್ಲಿದ್ದಾರೆಂದು ಮೊದಲು ನೋಡುತ್ತೇನೆ.

ನನ್ನ ಯಜಮಾನರಿಗೆ ವರ್ಗವಾಗಿ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಂದು, ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಹಿಡಿದೆವು. ಮನೆ ಬದಲಾಯಿಸುವುದೆಂದರೆ ಸಾಮಾನು ಸಾಗಿಸುವುದು ಎಂದಷ್ಟೇ ತಿಳಿದಿದ್ದವಳು ನಾನು. ನೀರು, ಗ್ಯಾಸು, ಕರೆಂಟು ಮೂರೂ ಬೀಗರ ಹಾಗೆ, ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಹೋಗಿ ಕರೆಯಬೇಕು ಎಂಬುದು ಆಮೇಲೆ ಗೊತ್ತಾಯಿತು. ಗ್ಯಾಸಿಗಾಗಿ ಹಳೇ ಊರಿಗೂ ಹೊಸ ಊರಿಗೂ ಓಡಾಡಿದೆ. ನಲ್ಲಿಯಲ್ಲಿ ಬರುವ ನೀರು ಹೊಳೆಯದೋ ಬೋರಿನದೋ ಎಂದು ಕುಡಿದೇ ತಿಳಿಯಬೇಕಿತ್ತು. ಇನ್ನು ಕರೆಂಟು. ಕೆಳಗೆ ಮೆಟ್ಟಿಲಡಿ ಸಾಲಾಗಿ ನಿಂತ ಮೀಟರುಗಳಲ್ಲಿ, ಮೇನ್ ಸ್ವಿಚ್ಚುಗಳಲ್ಲಿ ನಮ್ಮದು ಯಾವುದೆಂದು ಮಾಲೀಕರಿಗೂ ಖಚಿತವಿರಲಿಲ್ಲ.

ಗೀಸರಿಗೆ ವೈರು ಕೊಡಲು ಹರದನಹಳ್ಳಿಯಿಂದ ಭಾವ ಬಂದರು, ಜೊತೆಗೆ ಅಕ್ಕನೂ ಬಂದಳು. ಭಾವನದು ಬೇಸಾಯ, ತೋಟದ ಪಂಪ್‌ಸೆಟ್ಟಿನ ರಿಪೇರಿಯನ್ನು ತಾವೇ ಮಾಡಿಕೊಳ್ಳುವವರು. ನಮ್ಮ ಮೇನ್ ಯಾವುದೆಂದು ಹುಡುಕಿ ಆಫ್ ಮಾಡಿ ಬರುತ್ತೇನೆಂದು ಅವರು ಬಾಗಿಲವರೆಗೆ ಹೋಗಿದ್ದರು. ಅಷ್ಟರಲ್ಲಿ ಕರೆಂಟೇ ಹೋಯಿತು.

“ಒಳ್ಳೇದಾಯ್ತು ಬುಡು, ಮೆಟ್ಲಿಳಿಯೋದು ತಪ್ತು,” ಎಂದು ತಿರುಗಿ ಬಂದು ಬಚ್ಚಲಿನ ಬಾಗಿಲಲ್ಲಿ ಸ್ಟೂಲು ಹತ್ತಿದರು. ಒಳಗೆ ಕತ್ತಲೆ. ನಾನು ಮೊಬೈಲಿನ ಟಾರ್ಚು ಹಿಡಿದೆ.

“ಭಾವ, ಆದ್ರೂ ಆಫ್ ಮಾಡ್ಬುಡದು ವಾಸಿ ಅಲ್ವಾ?”

“ಓಗಿರೋ ಕರೆಂಟ್ನ ಇನ್ನೊಂದ್ಸಲ ಎಲ್ಗೆ ಓಗ್ಸೀಯಮ್ಮಿ? ಡಿಗ್ರಿ ಓದ್ಬುಟ್ಟು ಇಂಗಂತೀಯಲ್ಲ!”

“ಅವ್ಳ ಡಿಗ್ರಿ ಇರ್ಲಿ, ಮದ್ಲು ಈ ಆಸ್ಗೆ ಗಂಟ್ನ ದಾರಿಯಿಂದ ಎತ್ತಿ,” ಎಂದು ಅಕ್ಕ ಗೊಣಗಿದಳು. ಮೂವರೂ ನಕ್ಕೆವು. ಭಾವನ ಮಾತಿನಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ.

ಹಾಲ್‌ನ ಬಲ್ಬು ಹತ್ತಿತು. ಪಕ್ಕದ ಮನೆಯವರು, ಮೇಲಿನ ಮನೆಯವರು, ನಾನು, ಎಲ್ಲರೂ ಒಂದೇ ಉಸಿರಿಗೆ ‘ಬಂತು!’ ಎಂದೆವು. ಅದೇ ಗಳಿಗೆಯಲ್ಲಿ ಭಾವನ ಬಾಯಿಂದ ಬಂದ ಸದ್ದು ಯಾವ ಅಕ್ಷರಕ್ಕೂ ಸೇರುವುದಲ್ಲ. ಅವರು ನಡುಗುತ್ತಿದ್ದರು, ಕೈ ವೈರಿಗೆ ಅಂಟಿತ್ತು, ನನ್ನ ಬಾಯಿ ಇನ್ನೂ ಆ ಸಂತೋಷದ ಆಕಾರದಲ್ಲೇ ತೆರೆದಿತ್ತು. ಅವರ ಕಾಲ ಕೆಳಗಿನ ಸ್ಟೂಲು ಜಾರಿತು, ಕೈ ಬಿಟ್ಟುಕೊಂಡಿತು. ಬಿದ್ದದ್ದು ಅಕ್ಕ ಗೊಣಗಿದ್ದ ಆ ಹಾಸಿಗೆ ಗಂಟಿನ ಮೇಲೆ.

ಆಸ್ಪತ್ರೆಯಿಂದ ನೆಟ್ಟಗೆ ನಡೆದುಕೊಂಡೇ ಬಂದರು. ಬಲಗೈಯ ಎರಡು ಬೆರಳುಗಳಿಗೆ ಮಾತ್ರ ಇವತ್ತಿಗೂ ಬಿಸಿ, ತಂಪು ಗೊತ್ತಾಗುವುದಿಲ್ಲ. “ಸುಡೋ ಮುದ್ದೆ ಮುರ್ಯಕ್ಕೆ ಅನ್ಕೂಲಾಯ್ತು ಕಣಮ್ಮಿ,” ಎಂದು ನಗುತ್ತಾರೆ. ಅಕ್ಕ ನಗುವುದಿಲ್ಲ. ಮುದ್ದೆ ಆರುವ ತನಕ ತಟ್ಟೆಯನ್ನು ಅವರ ಮುಂದೆ ಇಡುವುದೂ ಇಲ್ಲ.

ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ನನ್ನದೇ ಆ ‘ಬಂತು!’ ಮತ್ತೆ ಮತ್ತೆ ಕೇಳುತ್ತದೆ. ಯೋಚಿಸುತ್ತೇನೆ: ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ ‘ಹೋಗುತ್ತೇನೆ’ ಎನ್ನುವುದಿಲ್ಲ. ಬಾಯಿತಪ್ಪಿ ಅಂದರೆ ಹಿರಿಯರು ಗದರಿ, ‘ಹೋಗಿ ಬರ್ತೀನಿ’ ಎಂದು ಹೇಳಿಸುತ್ತಾರೆ. ಕರೆಂಟನ್ನು ಮಾತ್ರ ‘ಹೋಯ್ತು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ, ಇನ್ನು ಈ ಕಡೆ ತಲೆ ಹಾಕುವುದೇ ಇಲ್ಲ ಎಂಬಂತೆ.

ಮೊನ್ನೆ ಭಾವ ಮತ್ತೆ ಬಂದಿದ್ದರು. ಸಂಜೆ ಹೊರಡುವಾಗ ಮೆಟ್ಟಿಲ ದೀಪ ಹಾಕಲು ಬಲಗೈ ಚಾಚಿದವರು, ಹಿಂದಕ್ಕೆಳೆದುಕೊಂಡು ಎಡಗೈಯಲ್ಲಿ ಸ್ವಿಚ್ಚು ಒತ್ತಿದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

“ಬತ್ತೀನಿ ಕಣಮ್ಮಿ.”

“ಹುಷಾರಾಗಿ ಬನ್ನಿ ಭಾವ,” ಎಂದೆ.

ಹೋಗುವವರಿಗೆ ‘ಬನ್ನಿ’ ಎನ್ನುವ ಭಾಷೆ ನಮ್ಮದು. ಆವತ್ತು ಕರೆಂಟಿಗೂ ಅಷ್ಟು ಮರ್ಯಾದೆ ಕೊಟ್ಟಿದ್ದರೆ ಆಗಿತ್ತು.