ಚಿಗವ್ವನ ಸ್ಪಿರಿಟ್ ದೀಪ

ಸ್ಪಿರಿಟ್ ವಾಸನೆ ಎಲ್ಲೇ ಮೂಗಿಗೆ ಬಡಿಯಲಿ, ನನಗೆ ನೆನಪಾಗುವುದು ದವಾಖಾನೆಯಲ್ಲ. ಎಪ್ಪತ್ತರ ದಶಕದ ನಮ್ಮ ಮುದ್ದೇಬಿಹಾಳದ ಮನೆಯ ಪಡಸಾಲೆ. ಬೆಳಿಗ್ಗೆ ಚಿಗವ್ವ, ಅಂದರೆ ನಮ್ಮ ಕಾಕಾನ ಹೆಂಡತಿ, ಅಲ್ಲಿ ಪುಟ್ಟ ಸ್ಪಿರಿಟ್ ದೀಪ ಹಚ್ಚಿ ಕೂರುತ್ತಿದ್ದಳು. ಗಾಜಿನ ನಳಿಗೆಯಲ್ಲಿದ್ದ ನೀಲಿ ಔಷಧಕ್ಕೆ ತನ್ನ ಮೂತ್ರದ ಹನಿಗಳನ್ನು ಬೆರೆಸಿ ಕಾಸುತ್ತಿದ್ದಳು. ಸಕ್ಕರೆ ಇದ್ದರೆ ಅದು ಹಸಿರು, ಹಳದಿ, ಕೊನೆಗೆ ಇಟ್ಟಂಗಿ ಬಣ್ಣ. ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತಿತ್ತು. ಆಮೇಲೆ ಒದ್ದೆ ಮರಳಿನ ಗಡಿಗೆಯಲ್ಲಿಟ್ಟ ಇನ್ಸುಲಿನ್ ಬಾಟಲಿ ತೆಗೆದು, ಕುದಿಸಿದ ಸೂಜಿಯಿಂದ ತನ್ನ ತೊಡೆಗೆ ತಾನೇ ಚುಚ್ಚಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚುತ್ತಿದ್ದವಳು ನಾನು.

ಮೊದಲ ಬಸಿರಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಯಾರಿಗೂ ಗೊತ್ತಿರಲಿಲ್ಲ. ಬಸುರಿಯ ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದೆಂದು ನಂಬಿದ ಊರು ನಮ್ಮದು. ಓಣಿಯವರೆಲ್ಲ ಪ್ರೀತಿಯಿಂದ ಹೋಳಿಗೆ, ಮಾದಲಿಯಂಥ ಸಿಹಿ ತಂದು ತಿನ್ನಿಸಿದರು. ದಿನ ತುಂಬಿ ಹುಟ್ಟಿದ ಕೂಸು ದುಂಡಗೆ, ದೊಡ್ಡದಾಗಿತ್ತು, ಅಳಲಿಲ್ಲ. ಸತ್ತೇ ಹುಟ್ಟಿತ್ತು. ವಿಜಾಪುರದ ಡಾಕ್ಟರು ಆಗ ಕಾಯಿಲೆ ಕಂಡುಹಿಡಿದು, ಸಕ್ಕರೆ ಹತೋಟಿಗೆ ಬರುವ ತನಕ ಮತ್ತೆ ಬಸಿರು ಬೇಡ ಎಂದರು. ಕಾಕಾನ ಕೂಸು ನೋಡುವ ಆಸೆಗೆ ನಮ್ಮಜ್ಜಿ ಗೊಣಗಿದಾಗಲೆಲ್ಲ ಚಿಗವ್ವನದು ಒಂದೇ ಮಾತು: "ಮೊದಲ ನಳಿಗ್ಯಾಗ ನೀಲಿ ಬಣ್ಣ ಉಳೀಲಿ ಅತ್ತಿ, ಆಮ್ಯಾಲ ಕೂಸು." ಅಂಥ ಹಟಮಾರಿಯನ್ನು ನಾನು ಮತ್ತೆ ಕಂಡಿಲ್ಲ. ನೀಲಿ ಉಳಿಸಿಕೊಂಡೇ ಅವಳು ಬಸಿರಾದಳು, ಬಸಿರಾದ ಮೇಲೂ ದೀಪ ಬಿಡಲಿಲ್ಲ.

ಕುಬಸದ, ಅಂದರೆ ಸೀಮಂತದ, ದಿನ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಅಜ್ಜಿ ಹೋಳಿಗೆಯ ತುಣುಕನ್ನು ಅವಳ ಬಾಯಿಗೆ ಹಿಡಿದಳು. "ಒಂದ ತುತ್ತು ತಿನ್ನವಾ. ಕೂಸಿನ ಕಿವಿ ಸೋರತಾವ." ಮನೆ ತುಂಬ ಕೂತ ಹೆಂಗಸರ ಕಣ್ಣೆಲ್ಲ ಅವಳ ಮೇಲೆ. ಚಿಗವ್ವ ತುಣುಕನ್ನು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿದ್ದ ನನ್ನ ಬಾಯಿಗಿಟ್ಟಳು.

"ಕಿವಿ ಸೋರಿದ್ರ ಸೋರ್ಲಿ ಅತ್ತಿ. ನನಗ ಅದು ಅಳೂದು ಕೇಳಬೇಕಾಗೈತಿ."

ಅಜ್ಜಿ ಒಳಗೆ ಹೋಗಿ ಜೋಳದ ರೊಟ್ಟಿ, ಪುಂಡಿ ಪಲ್ಯೆ ತಂದು ಸೊಸೆಗೆ ತಾನೇ ಉಣ್ಣಿಸಿದಳು. ಆ ಮುದುಕಿಯದೂ ದೊಡ್ಡ ಮನಸ್ಸು.

ವಿಜಾಪುರದ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಮನೆಗೆ ಬಂದ ದಿನ ಅದು ತೊಟ್ಟಿಲಲ್ಲಿ ಚೀರತೊಡಗಿದಾಗ ಎತ್ತಿಕೊಳ್ಳಲು ಓಡಿದ ಅಜ್ಜಿಯನ್ನು ಚಿಗವ್ವ ತಡೆದಳು. "ಒಂದೀಟ ಅಳ್ಳಿ ಬಿಡ್ರಿ. ಕೇಳ್ತೇನಿ."

ಈಗ ಆ ಪಡಸಾಲೆಯಿಲ್ಲ, ಅಜ್ಜಿಯಿಲ್ಲ. ಹೋದ ವರ್ಷ ಚಿಗವ್ವನೂ ಹೋದಳು. ಅವಳ ತಲೆದೆಸೆಯಲ್ಲಿ ಕೂತು ಆ ಮಗಳು ದನಿ ತೆಗೆದು ಅಳುತ್ತಿದ್ದಾಗ ಯಾರೋ ಸುಮ್ಮನಾಗಿಸಲು ಬಂದರು. ನಾನು ಅವರ ಕೈ ಹಿಡಿದುಕೊಂಡೆ.

"ಅಳ್ಳಿ ಬಿಡ್ರಿ," ಎಂದೆ.